ವಿಮಾನದಲ್ಲಿ ನಿದ್ದೆ ಬರಬೇಕಾದರೆ ಕಾರಿನಲ್ಲಿ ಮಲಗಬೇಡಿ

ಮಡಿಕೇರಿಯಿಂದ ಬೆಂಗಳೂರಿಗೆ ಬಂದು, ನಡುರಾತ್ರಿ ಕಳೆದ ಮೇಲೆ ಹೊರಡುವ ಜರ್ಮನಿ ವಿಮಾನ ಹತ್ತಬೇಕು, ಎಕಾನಮಿ ಸೀಟಿನಲ್ಲಿ ಕಣ್ಣೇ ಮುಚ್ಚಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಗೋಣಿಕೊಪ್ಪದವನು. ಮಗಳು ಜರ್ಮನಿಯಲ್ಲೇ ಇರುವುದರಿಂದ ಈ ಪ್ರಯಾಣ ನನಗೆ ರೂಢಿಯಾಗಿದೆ.

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಮಡಿಕೇರಿಯಿಂದ ದೇವನಹಳ್ಳಿಗೆ ಹತ್ತಿರ ಹತ್ತಿರ 300 ಕಿ.ಮೀ. ಹುಣಸೂರಿನವರೆಗೆ ಮಾತಾಡುತ್ತಾ ಬರುತ್ತೇವೆ. ಮೈಸೂರು ದಾಟಿ ಎಕ್ಸ್‌ಪ್ರೆಸ್‌ವೇ ಸಿಕ್ಕಿತೋ, ಕಣ್ಣು ಎಳೆಯುತ್ತೆ. ಅಲ್ಲಿ ಎರಡು ಗಂಟೆ ಗೊರಕೆ ಹೊಡೆದರೆ ವಿಮಾನದಲ್ಲಿ ನಿದ್ದೆ ಎಲ್ಲಿಂದ ಬರಬೇಕು, ಅಲ್ವಾ? ಎಚ್ಚರವಾಗಿದ್ದಷ್ಟೂ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತೆ. ಸಣ್ಣ ಜೊಂಪು ಹತ್ತಿದರೂ ಅದು ಇಳಿಯುತ್ತೆ. ಹಾಗಾಗಿ ಕಾರಿನಲ್ಲಿ ಮಲಗಬೇಡಿ. ಆದರೆ ಸ್ಟೇರಿಂಗ್ ಮಾತ್ರ ಚೆನ್ನಾಗಿ ನಿದ್ದೆ ಮಾಡಿದವರ ಕೈಯಲ್ಲಿರಲಿ, ನೀವು ಹಿಡಿಯಬೇಡಿ.

ಕಾಫಿ ಬೆಳೆಯುವ ಊರಿನವರಿಗೆ ಕಾಫಿ ಬಿಡಿ ಅನ್ನುವುದು ಕಷ್ಟವೇ. ಆದರೂ ಹೇಳುತ್ತೇನೆ, ಸಂಜೆ 6ರ ಮೇಲೆ ಬೇಡ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಐದಾರು ಗಂಟೆಯಾದರೂ ಮೈಯಲ್ಲೇ ಉಳಿದಿರುತ್ತೆ. ನಮ್ಮಲ್ಲಿ ಜಾಸ್ತಿ ಬೆಳೆಯುವುದು ರೋಬಸ್ಟಾ. ಅರೇಬಿಕಾಗಿಂತ ಅದರಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡು ಪಟ್ಟು.

ರಾತ್ರಿ ಊಟ ನೆಲದ ಮೇಲೆಯೇ ಮುಗಿಸಿ. ವಿಮಾನ ಮೇಲೇರಿದ ತಕ್ಷಣ ಟ್ರೇ ಬರುತ್ತೆ. ಅದಕ್ಕೆ ಕಾಯುತ್ತಾ ಕೂತರೆ ಒಂದೂವರೆ ಗಂಟೆ ಸುಮ್ನೆ ಹೋಯಿತು. ನೇರ ವಿಮಾನದಲ್ಲಿ ಇರುವುದೇ ಸುಮಾರು 10 ಗಂಟೆ.

ಸೀಟು ಕಿಟಕಿ ಪಕ್ಕದ್ದೇ ತೆಗೆದುಕೊಳ್ಳಿ. ಒರಗಲು ಗೋಡೆ ಸಿಗುತ್ತೆ, ಪಕ್ಕದವರಿಗೆ ದಾರಿ ಬಿಡಲು ಏಳಬೇಕಿಲ್ಲ. ರೆಕ್ಕೆಯ ಹತ್ತಿರ ಕುಲುಕಾಟವೂ ಕಮ್ಮಿ. ಶಾಲು ಸುತ್ತಿ ಸೊಂಟದ ಹಿಂದೆ ಇಡಿ. ಕತ್ತಿನ ದಿಂಬನ್ನು ಎಲ್ಲರೂ ಹಿಂದಕ್ಕೆ ಹಾಕಿಕೊಳ್ಳುತ್ತಾರೆ. ಅದನ್ನು ತಿರುಗಿಸಿ, ದಪ್ಪ ಭಾಗ ಗದ್ದದ ಕೆಳಗೆ ಬರುವ ಹಾಗೆ ಹಾಕಿ ನೋಡಿ. ಕೂತು ಮಲಗಿದಾಗ ಕತ್ತಿನ ಸ್ನಾಯು ಸಡಿಲವಾಗಿ ತಲೆ ಮುಂದಕ್ಕೆ ಬೀಳುತ್ತೆ, ಆಗ ಬೆಚ್ಚಿಬಿದ್ದೇ ನಮಗೆ ಎಚ್ಚರವಾಗುವುದು. ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವ ಹಾಗೆ ಕಟ್ಟಿಕೊಳ್ಳಿ. ಬೆಲ್ಟ್ ಸೂಚನೆ ಬಂದಾಗ ಸಿಬ್ಬಂದಿ ತಟ್ಟಿ ಎಬ್ಬಿಸುವುದು ತಪ್ಪುತ್ತೆ. ಕಣ್ಣುಪಟ್ಟಿ, ಇಯರ್‌ಪ್ಲಗ್ ಎರಡೂ ಇರಲಿ.

ಬಿಟ್ಟಿ ಸಿಗುತ್ತೆ ಅಂತ ಮದ್ಯಕ್ಕೆ ಕೈಚಾಚಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ವಿಮಾನದ ಒಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳು. ನಮ್ಮ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್‌ನ ತುದಿಯೇ 5,700 ಅಡಿ ಚಿಲ್ಲರೆ! ಆಮ್ಲಜನಕ ಮೊದಲೇ ಕಮ್ಮಿ, ಅದರ ಮೇಲೆ ಮದ್ಯ ಬಿದ್ದರೆ ಬೇಗ ಕಣ್ಣು ಮುಚ್ಚಿದರೂ ನಿದ್ದೆ ಚೂರುಚೂರಾಗುತ್ತೆ. ತೇವಾಂಶವೂ ಸಾಮಾನ್ಯವಾಗಿ ಶೇ. 20ಕ್ಕಿಂತ ಕೆಳಗೆ. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಊರಿನಿಂದ ಹೋದವರಿಗೆ ಗಂಟಲು ಒಣಗುವುದು ಬೇಗ ಗೊತ್ತಾಗುತ್ತೆ. ನೀರು ಪಕ್ಕದಲ್ಲಿರಲಿ.

ನಿದ್ದೆ ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಅದರ ಮಂಪರಿನಲ್ಲಿ ಗಂಟೆಗಟ್ಟಲೆ ಕಾಲು ಆಡಿಸದೆ ಬಿದ್ದುಕೊಂಡರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ.

ಇಳಿಯಲು ಶುರುವಾಗುವ ಹೊತ್ತಿಗೆ ಎಚ್ಚರವಾಗಿರಿ. ನಿದ್ದೆಯಲ್ಲಿ ಉಗುಳು ನುಂಗುವುದು ಕಮ್ಮಿ, ಆಗ ಕಿವಿ ಕಟ್ಟಿಕೊಂಡು ನೋಯುತ್ತೆ. ಒಂದು ಪೆಪ್ಪರ್‌ಮಿಂಟ್ ಜೇಬಿನಲ್ಲಿ ಇಟ್ಟುಕೊಳ್ಳಿ, ಆಗ ಚೀಪಲು ಬೇಕಾಗುತ್ತೆ.