ಸಂಪಾದಕರ ಉತ್ತರ: ಮ್ಯೂನಿಕ್ ಪಾಠ ಬಾಗ್ದಾದಿಗೆ ಹೊಂದುತ್ತದೆಯೇ?

ಪ್ರಿಯ ಮೇಷ್ಟ್ರೇ,

ನಮಸ್ಕಾರ. ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನನನ್ನು ಇಳಿಸಲು ಅಮೆರಿಕ, ಬ್ರಿಟನ್ 2003ರಲ್ಲಿ ಮಾಡಿದ ಯುದ್ಧ ತಪ್ಪು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ನೀವು ಕೇಳಿದ್ದೀರಿ: “1938ರಲ್ಲಿ ಬ್ರಿಟನ್ ಪ್ರಧಾನಿ ಚೇಂಬರ್ಲಿನ್ ಹಿಟ್ಲರನಿಗೆ ಬಗ್ಗಿದರು, ಆಮೇಲೆ ಏನಾಯಿತು? ಸರ್ವಾಧಿಕಾರಿಗೆ ಮಣಿದರೆ ಯುದ್ಧ ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ. ಹಾಗಿದ್ದರೆ ಸದ್ದಾಂನನ್ನು ಹೊಡೆದದ್ದು ಸರಿಯಲ್ವಾ?” ಉಕ್ರೇನ್ ಬಗ್ಗೆಯೂ ನನ್ನ ನಿಲುವು ಕೇಳಿದ್ದೀರಿ. ಎರಡಕ್ಕೂ ಉತ್ತರಿಸುತ್ತೇನೆ.

1938ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆದದ್ದು ದ್ರೋಹ. ಅದರಲ್ಲಿ ನನಗೂ ಅನುಮಾನವಿಲ್ಲ. ಹಿಟ್ಲರ್, ಇಟಲಿಯ ಸರ್ವಾಧಿಕಾರಿ ಮುಸ್ಸೊಲಿನಿ, ಚೇಂಬರ್ಲಿನ್ ಮತ್ತು ಫ್ರಾನ್ಸಿನ ಪ್ರಧಾನಿ ದಲಾದಿಯೆ ಕೂತು ಚೆಕೊಸ್ಲೊವಾಕಿಯಾದ ಗಡಿಯಂಚಿನ ಸುಡೆಟೆನ್ ಪ್ರದೇಶವನ್ನು ಜರ್ಮನಿಗೆ ಬರೆದುಕೊಟ್ಟರು. ಯಾರ ನೆಲವೋ ಅವರನ್ನು ಮಾತುಕತೆಗೇ ಸೇರಿಸಲಿಲ್ಲ. ಚೆಕ್ಕರು ಕೈಲಾಗದೆ ಕೂತವರಲ್ಲ. ಸೆಪ್ಟೆಂಬರ್ 23ರಂದು ಇಡೀ ಸೇನೆಗೆ ಕರೆ ಕೊಟ್ಟಿದ್ದರು. ಗಡಿಯಲ್ಲಿ ಗಟ್ಟಿ ಕೋಟೆಗಳಿದ್ದವು. ಕಾಪಾಡುತ್ತೇವೆ ಎಂದು ಫ್ರಾನ್ಸ್ ಒಪ್ಪಂದ ಮಾಡಿಕೊಂಡಿತ್ತು. ಆ ಕೋಟೆಗಳೆಲ್ಲ ಗುಂಡು ಹಾರಿಸದೆ ಜರ್ಮನಿಯ ಪಾಲಾದವು. 1939ರ ಮಾರ್ಚ್ 15ಕ್ಕೆ ಜರ್ಮನ್ ಸೇನೆ ಪ್ರಾಗ್ ನಗರಕ್ಕೇ ಬಂತು. 1940ರಲ್ಲಿ ಫ್ರಾನ್ಸಿನ ಮೇಲೆ ನುಗ್ಗಿದ ಟ್ಯಾಂಕುಗಳಲ್ಲಿ ಚೆಕ್ ಕಾರ್ಖಾನೆಗಳಲ್ಲಿ ತಯಾರಾದವೂ ಇದ್ದವು. 1938ರ ಆಗಸ್ಟಿನಲ್ಲಿ ನೆಹರೂ ಪ್ರಾಗ್‌ಗೆ ಹೋಗಿದ್ದರು. ಬ್ರಿಟನ್ನಿನ ಈ ನೀತಿಯನ್ನು ಆಗಲೇ ಖಂಡಿಸಿದ್ದರು.

ಆದರೆ ಒಂದು ವಿಷಯ ನಾವು ಮರೆಯುತ್ತೇವೆ. ಚೇಂಬರ್ಲಿನ್ ಕೂಡ ಇತಿಹಾಸದ ಪಾಠ ಓದಿಯೇ ಹೊರಟವರು. ಅವರ ಪಾಠ 1914ರದು, ಮೊದಲ ಮಹಾಯುದ್ಧದ್ದು. ಸೆರಾಯೆವೊದಲ್ಲಿ ನಡೆದ ಆಸ್ಟ್ರಿಯಾದ ಯುವರಾಜನ ಕೊಲೆ ಇಡೀ ಯುರೋಪನ್ನು ಯುದ್ಧಕ್ಕೆ ಎಳೆದಿತ್ತು. ಏಳು ಲಕ್ಷಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತಿದ್ದರು. ದೂರದ ಜಗಳಕ್ಕೆ ಮತ್ತೆ ನಮ್ಮ ಹುಡುಗರನ್ನು ಕಳಿಸಬಾರದು ಎಂಬುದು ಅವರ ಲೆಕ್ಕ. ಆ ಪಾಠದಲ್ಲಿ ಸುಳ್ಳಿರಲಿಲ್ಲ. ಎದುರಿಗಿದ್ದ ಮನುಷ್ಯ ಬೇರೆಯವನಾಗಿದ್ದ.

ಇದೇ ತಪ್ಪು ಮುಂದೆ ತಿರುಗುಮುರುಗಾಗಿ ನಡೆಯಿತು. ಚೇಂಬರ್ಲಿನ್ ನೀತಿಯನ್ನು ಒಪ್ಪದೆ ವಿದೇಶಾಂಗ ಸಚಿವ ಸ್ಥಾನ ಬಿಟ್ಟ ಆಂಥನಿ ಈಡನ್ 1956ರಲ್ಲಿ ಪ್ರಧಾನಿಯಾಗಿದ್ದರು. ಈಜಿಪ್ಟಿನ ನಾಸೆರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದಾಗ ಈಡನ್ ಕಣ್ಣಿಗೆ ಅವರು ಇನ್ನೊಬ್ಬ ಮುಸ್ಸೊಲಿನಿಯಾಗಿ ಕಂಡರು. ನಾಸೆರ್ ತಮ್ಮದೇ ದೇಶದಲ್ಲಿದ್ದ ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿದ್ದರು. ಯಾರ ಗಡಿಯನ್ನೂ ದಾಟಿರಲಿಲ್ಲ. ಗಡಿ ದಾಟಿದ್ದು ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್, ಅದೂ ಗುಟ್ಟಾಗಿ ಮಾತಾಡಿಕೊಂಡು.

ಕ್ಯೂಬಾ ಬಿಕ್ಕಟ್ಟು ಇನ್ನೂ ಭಯ ಹುಟ್ಟಿಸುತ್ತದೆ. 1962ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿ ಇಡುತ್ತಿರುವುದು ಗೊತ್ತಾದಾಗ ಅಮೆರಿಕದ ವಾಯುಪಡೆಯ ಮುಖ್ಯಸ್ಥ ಕರ್ಟಿಸ್ ಲೆಮೇ ಬಾಂಬ್ ಹಾಕಲೇಬೇಕು ಎಂದು ಹಟ ಹಿಡಿದರು. ಬರೀ ಸಮುದ್ರ ದಿಗ್ಬಂಧನ ಮಾಡುವುದು ಹೆಚ್ಚುಕಡಿಮೆ ಮ್ಯೂನಿಕ್‌ನಷ್ಟೇ ಕೆಟ್ಟದ್ದು ಎಂದು ಅಧ್ಯಕ್ಷ ಕೆನಡಿಯ ಮುಖಕ್ಕೇ ಹೇಳಿದರು. ಕೆನಡಿ ಬಗ್ಗಲಿಲ್ಲ. ದಿಗ್ಬಂಧನ ಹಾಕಿದರು, ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯಲು ಒಳಗೊಳಗೇ ಒಪ್ಪಿದರು. ಕ್ಯೂಬಾದ ನೆಲದಲ್ಲಿ ಸೋವಿಯತ್ ಅಣುಸಿಡಿತಲೆಗಳು ಆಗಲೇ ಬಂದಿಳಿದಿದ್ದವು ಎಂಬುದು ಎಷ್ಟೋ ವರ್ಷಗಳ ಮೇಲೆ ಹೊರಬಂತು. ಅಂದು ಲೆಮೇ ಮಾತು ನಡೆದಿದ್ದರೆ?

ಈಗ ಇರಾಕ್. 2003ರ ಮಾರ್ಚ್ 17ರ ಭಾಷಣದಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಕೂಡ ನಿಮ್ಮ ಮಾತನ್ನೇ ಆಡಿದರು, ಕಳೆದ ಶತಮಾನದಲ್ಲಿ ಕೆಲವರು ಕೊಲೆಗಡುಕ ಸರ್ವಾಧಿಕಾರಿಗಳನ್ನು ಓಲೈಸಿದ್ದರು ಎಂದರು. ಆದರೆ ಆ ಹೊತ್ತಿನಲ್ಲಿ ಸದ್ದಾಂನನ್ನು ಓಲೈಸುತ್ತಿದ್ದವರು ಯಾರು? 1990ರಿಂದ ನಿರ್ಬಂಧಗಳಿದ್ದವು. ದೇಶದ ಉತ್ತರ, ದಕ್ಷಿಣ ಭಾಗಗಳ ಮೇಲೆ ಅವನ ವಿಮಾನ ಹಾರುವಂತಿರಲಿಲ್ಲ. ಹ್ಯಾನ್ಸ್ ಬ್ಲಿಕ್ಸ್ ನೇತೃತ್ವದ ವಿಶ್ವಸಂಸ್ಥೆಯ ತಂಡ ದೇಶದೊಳಗೇ ಓಡಾಡಿ ಅಸ್ತ್ರ ಹುಡುಕುತ್ತಿತ್ತು, ಇನ್ನಷ್ಟು ಸಮಯ ಕೇಳುತ್ತಿತ್ತು. ಆ ಕೆಲಸ ಮುಗಿಯುವ ಮೊದಲೇ ದಾಳಿ ನಡೆಯಿತು. ಯಾವ ಸಾಮೂಹಿಕ ನಾಶದ ಅಸ್ತ್ರಗಳಿಗಾಗಿ ಹೋದರೋ ಅವುಗಳ ದಾಸ್ತಾನು ಸಿಗಲೇ ಇಲ್ಲ. ಲಕ್ಷಕ್ಕೂ ಜಾಸ್ತಿ ಇರಾಕಿ ನಾಗರಿಕರು ಸತ್ತರು. ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕೆ ಇಳಿದೆವು ಎಂದು ಬ್ರಿಟನ್ನಿನದೇ ವಿಚಾರಣಾ ಸಮಿತಿ 2016ರಲ್ಲಿ ಹೇಳಿತು.

ಸದ್ದಾಂನನ್ನು ಓಲೈಸಿದ ಕಾಲವೊಂದು ಇತ್ತು, ಮೇಷ್ಟ್ರೇ. ಅದು 1988. ಆ ವರ್ಷ ಮಾರ್ಚ್ 16ರಂದು ಹಲಬ್ಜಾ ಎಂಬ ಕುರ್ದ್ ಊರಿನ ಮೇಲೆ ಅವನ ಸೇನೆ ವಿಷಾನಿಲ ಸುರಿಯಿತು. ಸುಮಾರು ಐದು ಸಾವಿರ ಜನ ಸತ್ತರು, ಎಷ್ಟೋ ಮಂದಿ ತಾಯಂದಿರು, ಮಕ್ಕಳು. ಆಮೇಲೂ ಅಮೆರಿಕ ಇರಾಕಿಗೆ ಧಾನ್ಯ ಕೊಳ್ಳಲು ಸಾಲದ ಖಾತರಿ ಕೊಡುತ್ತಲೇ ಇತ್ತು. ನನಗೆ ಸಿಟ್ಟು ಬರುವುದು ಇಲ್ಲಿ. ಅಂದು ಅವನನ್ನು ತಡೆಯಲು ಯಾರೂ ಬಾಂಬ್ ಹಾಕಬೇಕಿರಲಿಲ್ಲ. ವ್ಯಾಪಾರ ನಿಲ್ಲಿಸಬಹುದಿತ್ತು, ಸಾಲ ನಿಲ್ಲಿಸಬಹುದಿತ್ತು. ಅದನ್ನು ಮಾಡಲಿಲ್ಲ. ಎರಡು ವರ್ಷಕ್ಕೆ ಅವನು ಕುವೈತ್‌ಗೆ ನುಗ್ಗಿದ. ಮಣಿಯದೆ ಇರುವುದಕ್ಕೂ ಮೇಲೆ ಬೀಳುವುದಕ್ಕೂ ನಡುವೆ ಎಷ್ಟೊಂದು ದಾರಿಗಳಿವೆ! ನಿಮ್ಮ ಪತ್ರ ಅವೆಲ್ಲವನ್ನೂ ದಾಟಿ ನೇರ ಯುದ್ಧಕ್ಕೆ ಹೋಗುತ್ತದೆ. ನನ್ನ ತಕರಾರು ಅಷ್ಟೇ.

1991ರಲ್ಲಿ ಕುವೈತನ್ನು ಬಿಡಿಸಿದ್ದನ್ನು ನಾನು ಇದರ ಜೊತೆ ಸೇರಿಸುವುದಿಲ್ಲ. ಅಲ್ಲಿ ಒಂದು ದೇಶವನ್ನೇ ನುಂಗಲಾಗಿತ್ತು. ಆ ದೇಶ ಸಹಾಯ ಕೇಳಿತ್ತು, ಭದ್ರತಾ ಮಂಡಳಿ ಒಪ್ಪಿತ್ತು.

ಉಕ್ರೇನ್ ವಿಷಯದಲ್ಲಿ ನಾನು ನಿಮ್ಮ ಕಡೆಗೇ ಹತ್ತಿರ. 2022ರ ಫೆಬ್ರವರಿಯಲ್ಲಿ ಗಡಿ ದಾಟಿ ಬಂದದ್ದು ರಷ್ಯಾದ ಸೇನೆ. 1938ರ ಚೆಕ್ಕರ ಹಾಗೆ ಉಕ್ರೇನಿಯನ್ನರೂ ತಮ್ಮ ನೆಲಕ್ಕಾಗಿ ತಾವೇ ಹೋರಾಡಲು ನಿಂತರು. ಅವರಿಗೆ ಆಯುಧ ಕೊಡುವುದು, ರಷ್ಯಾದ ಮೇಲೆ ನಿರ್ಬಂಧ ಹಾಕುವುದು ಯುದ್ಧ ಶುರುಮಾಡಿದಂತಲ್ಲ. ಮಾತುಕತೆಯೂ ಆಗಬೇಕು, ಬೇಡ ಎನ್ನುವುದಿಲ್ಲ. ಆದರೆ ಉಕ್ರೇನನ್ನು ಹೊರಗಿಟ್ಟು ಉಕ್ರೇನಿನ ನೆಲ ಹಂಚಲು ದೊಡ್ಡ ದೇಶಗಳು ಕೂತರೆ, ಆಗ ನೀವು ಮ್ಯೂನಿಕ್ ಹೆಸರು ಎತ್ತಿ. ನಾನೂ ಎತ್ತುತ್ತೇನೆ.

ವಿಶ್ವಾಸದಿಂದ,
ಸಂಪಾದಕ