ವಲಸೆಯ ಕಡತ ಭದ್ರತಾ ಇಲಾಖೆಗೆ ಹೋದದ್ದು ಹೇಗೆ?

ಪ್ರಶ್ನೆ: ವಲಸೆಯ ಮಾತು ಬಂದಾಗಲೆಲ್ಲ ಸರ್ಕಾರಗಳು ಅದನ್ನು ದೇಶದ ಭದ್ರತೆಗೆ ಒದಗಿದ ಅಪಾಯವೆಂದೇ ಬಿಂಬಿಸುವುದೇಕೆ? ಗಡಿ ದಾಟಿ ಬರುವವರಲ್ಲಿ ಅಪಾಯಕಾರಿಗಳೂ ಇರಬಹುದಲ್ಲವೇ?

ಉತ್ತರ: ಇರಬಹುದು, ಅಂಥವರನ್ನು ಗುರುತಿಸಿ ತಡೆಯುವುದು ಸರ್ಕಾರದ ಕರ್ತವ್ಯವೇ ಸರಿ. ಆದರೆ ಇಂಥ ವ್ಯಕ್ತಿಯಿಂದ ಅಪಾಯವಿದೆ ಎನ್ನಲು ಸಾಕ್ಷ್ಯ ಬೇಕಾಗುತ್ತದೆ, ವಲಸೆಯೇ ಅಪಾಯ ಎನ್ನಲು ಅಧಿಕಾರದಲ್ಲಿರುವವರ ಮಾತೊಂದೇ ಸಾಕಾಗುತ್ತದೆ. ಈ ಎರಡನೆಯದನ್ನು ಬ್ಯಾರಿ ಬುಜಾನ್, ಓಲೆ ವೇವರ್ ಮೊದಲಾದ, ಭದ್ರತೆಯ ವಿಷಯವನ್ನು ಅಧ್ಯಯನ ಮಾಡುವ ಕೋಪನ್‌ಹೇಗನ್ ಪಂಥದ ವಿದ್ವಾಂಸರು ‘ಭದ್ರತೀಕರಣ’ವೆಂದು ವಿವರಿಸಿದರು: ಒಂದು ವಿಷಯವನ್ನು ದೇಶದ ಅಳಿವು ಉಳಿವಿನ ಪ್ರಶ್ನೆಯೆಂದು ಆಳುವವರು ಸಾರುತ್ತಾರೆ, ಜನರು ಅದನ್ನು ನಂಬಿದರೆ ಎಂದಿನ ಚರ್ಚೆ ಮತ್ತು ನಿಯಮಗಳನ್ನು ಬದಿಗಿರಿಸಿ ಅಸಾಧಾರಣ ಕ್ರಮ ಕೈಗೊಳ್ಳಲು ದಾರಿ ತೆರೆದುಕೊಳ್ಳುತ್ತದೆ. ‘ಪ್ರವಾಹ’, ‘ಆಕ್ರಮಣ’ ಎಂಬ ಪದಗಳು ಈ ನಂಬಿಕೆಯನ್ನು ಬೆಳೆಸುತ್ತವೆ. ನೆರೆ ಬಂದಾಗ ಹನಿಹನಿಯನ್ನು ಯಾರೂ ವಿಚಾರಿಸುವುದಿಲ್ಲ.

ಭಾಷಣಗಳಿಗಿಂತ ಕಡತ ಯಾವ ಇಲಾಖೆಯಲ್ಲಿದೆ ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತವೆಂದು ನನಗನ್ನಿಸುತ್ತದೆ. ಅಮೆರಿಕದಲ್ಲಿ 1913ರಿಂದ ವಲಸೆಯನ್ನು ನೋಡಿಕೊಳ್ಳುತ್ತಿದ್ದುದು ಕಾರ್ಮಿಕ ಇಲಾಖೆ. ಯುರೋಪಿನಲ್ಲಿ ಯುದ್ಧ ನಡೆಯುತ್ತಿದ್ದ 1940ರಲ್ಲಿ ಆ ಹೊಣೆ ನ್ಯಾಯ ಇಲಾಖೆಗೆ ಹೋಯಿತು. 2001ರ ಸೆಪ್ಟೆಂಬರ್ ದಾಳಿಯ ತರುವಾಯ, 2003ರಲ್ಲಿ, ಹೊಸದಾಗಿ ಸ್ಥಾಪನೆಯಾದ ಆಂತರಿಕ ಭದ್ರತಾ ಇಲಾಖೆಯ ಪಾಲಾಯಿತು. ದುಡಿಮೆ ಅರಸಿ ಬರುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಅವರ ಅರ್ಜಿಯನ್ನು ಮೊದಲು ಅನುಮಾನದಿಂದ ಓದುವ ಕಚೇರಿಯ ಕೈಗೆ ಅದು ಸೇರಿದೆ.

ಇಂಥ ಕ್ರಮಗಳು ಬಂದಷ್ಟು ಸುಲಭವಾಗಿ ಹಿಂದೆ ಹೋಗುವುದಿಲ್ಲ ಎಂಬುದೇ ನನ್ನ ಮುಖ್ಯ ಆತಂಕ. ಹಂಗೆರಿ 2015ರ ಸೆಪ್ಟೆಂಬರ್‌ನಲ್ಲಿ ಕೆಲವು ಜಿಲ್ಲೆಗಳಲ್ಲಿ ಸಾಮೂಹಿಕ ವಲಸೆಯ ಕಾರಣದಿಂದ ‘ಬಿಕ್ಕಟ್ಟಿನ ಸ್ಥಿತಿ’ ಘೋಷಿಸಿತು, 2016ರ ಮಾರ್ಚ್‌ನಲ್ಲಿ ಅದನ್ನು ಇಡೀ ದೇಶಕ್ಕೆ ವಿಸ್ತರಿಸಿತು, ಬರುವವರ ಸಂಖ್ಯೆ ತೀವ್ರವಾಗಿ ಇಳಿದ ಮೇಲೂ ಆರು ತಿಂಗಳಿಗೊಮ್ಮೆ ಅದನ್ನು ಮುಂದುವರಿಸುತ್ತಲೇ ಬಂದಿತು.

ನಿಮ್ಮ ಎರಡನೆಯ ಪ್ರಶ್ನೆಯನ್ನು 1951ರ ನಿರಾಶ್ರಿತರ ಒಪ್ಪಂದ ಮೊದಲೇ ಯೋಚಿಸಿದೆ. ಜೀವಕ್ಕೆ ಕುತ್ತಿರುವ ಕಡೆಗೆ ನಿರಾಶ್ರಿತರನ್ನು ಮರಳಿ ಅಟ್ಟಬಾರದೆನ್ನುವ ಅದರ 33ನೆಯ ವಿಧಿ, ದೇಶದ ಭದ್ರತೆಗೆ ಅಪಾಯವೆಂದು ನಂಬಲು ಸಕಾರಣವಿರುವ ನಿರಾಶ್ರಿತನಿಗೆ ಈ ರಕ್ಷಣೆ ದೊರೆಯದೆಂದೂ ಹೇಳುತ್ತದೆ. ಆ ಸಕಾರಣವನ್ನು ಒಬ್ಬೊಬ್ಬರ ವಿಷಯದಲ್ಲಿಯೂ ಪ್ರತ್ಯೇಕವಾಗಿ ತೋರಿಸಬೇಕು. ಒಂದೇ ದೋಣಿಯಲ್ಲಿ ಬಂದರೆಂಬುದು ಸಕಾರಣವಾಗದು.