ಕ್ಯುಸೆಕ್ ಕೇಳಿದರೆ ಗಡಿಯಾರವನ್ನೂ ನೋಡಿ

ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿ ಎರಡು ಎಕರೆ ಭತ್ತ ನಾಟಿ ಮಾಡಿದ್ದೇನೆ. ಪತ್ರಿಕೆಯಲ್ಲಿ ಟಿಎಂಸಿ, ಕ್ಯುಸೆಕ್ ಎಂದು ಬರೆಯುತ್ತಾರೆ. ನಮಗೆ ಗೊತ್ತಿರುವುದು ಲೀಟರ್. ಇವುಗಳನ್ನು ಹೊಂದಿಸುವುದು ಹೇಗೆ? ನನ್ನ ಗದ್ದೆಗೆ ಬಂದ ನೀರನ್ನು ನಾನೇ ಅಳೆಯಬಹುದೇ?
– ಓದುಗರೊಬ್ಬರು, ಕಾರಟಗಿ

ಉತ್ತರ: ಎರಡಕ್ಕೂ ಮೂಲ ಘನ ಅಡಿ. ಒಂದು ಘನ ಅಡಿ ಎಂದರೆ 28.32 ಲೀಟರ್, ಹದಿನೈದು ಲೀಟರಿನ ಎರಡು ಕೊಡಗಳಿಗಿಂತ ತುಸು ಕಡಿಮೆ. ಇಂತಹ ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ, ಅಂದರೆ ಸುಮಾರು 2,832 ಕೋಟಿ ಲೀಟರ್. ನಮ್ಮ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ.

ಕ್ಯುಸೆಕ್ ಹಾಗಲ್ಲ. ಅದು ನೀರಿನ ರಾಶಿಯಲ್ಲ, ಹರಿವು: ಸೆಕೆಂಡಿಗೆ ಒಂದು ಘನ ಅಡಿ. ‘ಹತ್ತು ಸಾವಿರ ಕ್ಯುಸೆಕ್ ನೀರು ಬಿಟ್ಟರು’ ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ‘ಎಷ್ಟು ಹೊತ್ತು?’ ಎಂದು ಕೇಳಬೇಕೆನಿಸುತ್ತದೆ. 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯುಸೆಕ್ ಹೋಗುತ್ತಿತ್ತು. ದಿನಕ್ಕೆ ಮೂರು ಟಿಎಂಸಿ. ಈ ಭಾಗದ ರೈತರ ನಿದ್ದೆ ಹಾರಿದ್ದು ಸುಮ್ಮನೆ ಅಲ್ಲ.

ಇನ್ನು ನಿಮ್ಮ ಗದ್ದೆ. ಒಂದು ಎಕರೆಯಲ್ಲಿ ಒಂದು ಇಂಚು ನೀರು ನಿಲ್ಲಲು 3,630 ಘನ ಅಡಿ ಬೇಕು. ಒಂದು ಕ್ಯುಸೆಕ್ ಹರಿವು ಅದನ್ನು 3,630 ಸೆಕೆಂಡಿನಲ್ಲಿ, ಅಂದರೆ ಒಂದು ಗಂಟೆಯಲ್ಲಿ ತಂದು ಸುರಿಯುತ್ತದೆ. ಕ್ಯುಸೆಕ್, ಗಂಟೆ, ಎಕರೆ, ಇಂಚು: ಎಲ್ಲವೂ ಒಂದೊಂದೇ. ಇದೊಂದು ನೆನಪಿದ್ದರೆ ಲೀಟರಿನ ಸೊನ್ನೆಗಳನ್ನು ಎಣಿಸುವ ಕೆಲಸವೇ ಇಲ್ಲ. (ಬೋರ್‌ವೆಲ್‌ನವರು ಹೇಳುವ ‘ಎರಡು ಇಂಚು ನೀರು’ ಬೇರೆಯದು, ಅದನ್ನು ಇಲ್ಲಿಗೆ ತರಬೇಡಿ.)

ಅಳತೆಗೆ ಹೊಲಗಾಲುವೆಯ ನೇರವಾದ ಕಡೆ ಇಪ್ಪತ್ತು ಅಡಿ ಗುರುತು ಮಾಡಿ, ಒಣ ಕಡ್ಡಿಯೊಂದನ್ನು ತೇಲಿಬಿಡಿ. ಇಪ್ಪತ್ತು ಸೆಕೆಂಡು ಹಿಡಿಯಿತು ಎನ್ನಿ; ಸೆಕೆಂಡಿಗೆ ಒಂದು ಅಡಿ. ಕಾಲುವೆ ಎರಡು ಅಡಿ ಅಗಲ, ನೀರು ಒಂದು ಅಡಿ ಆಳವಿದ್ದರೆ ಎರಡು ಕ್ಯುಸೆಕ್. ತಳದಲ್ಲಿ, ಅಂಚಿನಲ್ಲಿ ನೀರು ನಿಧಾನ, ಆದ್ದರಿಂದ ಐದರಲ್ಲಿ ಒಂದು ಪಾಲು ಕಳೆಯಿರಿ, 1.6 ಉಳಿಯಿತು. ಎರಡು ಎಕರೆಗೆ ಎರಡು ಇಂಚು ನಿಲ್ಲಲು ಎರಡೂವರೆ ಗಂಟೆ ಸಾಕು. ನಾಲ್ಕು ಗಂಟೆಯಾದರೂ ನಿಲ್ಲದಿದ್ದರೆ ಬದುವಿನಲ್ಲಿ ಏಡಿ ಬಿಲ ಹುಡುಕಿ.